ಪಿಎಚ್‌ಡಿಗೆ ಯಾವುದು: ಕ್ಯಾನ್ಸರ್ ಔಷಧಿಯನ್ನು ಗಡ್ಡೆಗೆ ಮುಟ್ಟಿಸುವ ಕೆಲಸವೋ, ಪ್ರೋಟೀನ್ ಒಡೆಸುವ ಕೆಲಸವೋ?

ಮಳೆಬಿಲ್ಲು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಗೊಂದಲದಲ್ಲಿದ್ದೇನೆ. ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ಹೇಳಿ.

ಎಂ.ಫಾರ್ಮ್ ಮುಗಿದಿದೆ. ಪ್ರಾಜೆಕ್ಟ್‌ಗೆ ಒಂದು ವರ್ಷ ಲಿಪೋಸೋಮ್ ಮಾಡಿದೆ, ಅಂದರೆ ಕೊಬ್ಬಿನ ಪುಟ್ಟ ಗುಳ್ಳೆಗಳು. ಅವುಗಳೊಳಗೆ ಡಾಕ್ಸೊರುಬಿಸಿನ್ ಅನ್ನುವ ಕ್ಯಾನ್ಸರ್ ಔಷಧಿ ತುಂಬಿಸುವ ಕೆಲಸ. ಈಗ ಪಿಎಚ್‌ಡಿಗೆ ಎರಡು ಲ್ಯಾಬ್‌ಗಳಲ್ಲಿ ಸಂದರ್ಶನದ ತನಕ ಬಂದಿದ್ದೇನೆ. ಮೊದಲನೆಯದು ಕ್ಯಾನ್ಸರ್ ಔಷಧಿಯನ್ನು ಗಡ್ಡೆಗೆ ತಲುಪಿಸುವ ನ್ಯಾನೋಕಣಗಳ ಲ್ಯಾಬ್. ಎರಡನೆಯದು ಪ್ರೊಟ್ಯಾಕ್ ಲ್ಯಾಬ್. ಕ್ಯಾನ್ಸರ್ ಬೆಳೆಸುವ ಪ್ರೋಟೀನನ್ನು ತಡೆದು ನಿಲ್ಲಿಸುವ ಬದಲು, ಜೀವಕೋಶದ ಕೈಯಲ್ಲೇ ಒಡೆಸಿಹಾಕುವುದು ಅವರ ಕೆಲಸ.

ಜೊತೆಗೆ ಓದಿದವರು "ಡ್ರಗ್ ಡೆಲಿವರಿ ಮುಗಿದ ಕಥೆ, ಈಗೇನಿದ್ದರೂ ಡಿಗ್ರೇಡರ್" ಎನ್ನುತ್ತಾರೆ (ಪ್ರೋಟೀನ್ ಒಡೆಸುವ ಔಷಧಿಗಳಿಗೆ ಆ ಹೆಸರು). ಆದರೆ ನನಗೆ ಸಿಂಥೆಸಿಸ್, ಅಂದರೆ ಅಣು ಕಟ್ಟುವ ಕೆಲಸ, ಅಷ್ಟಾಗಿ ಬರುವುದಿಲ್ಲ. ಹೊಸದು ಅಂತ ಸುಮ್ನೆ ಹಾರಿದರೆ ಐದು ವರ್ಷ ಒದ್ದಾಡಬೇಕಾಗುತ್ತಾ? ಸಂದರ್ಶನದಲ್ಲಿ ನಾನು ಅವರನ್ನು ಏನು ಕೇಳಬೇಕು?

ಸೀದಾಮಾತು
ಡಿಗ್ರೇಡರ್ ಕಡೆ ಹೋಗಿ. ಯೋಚನೆ ಮಾಡುವುದೇ ಬೇಡ. ದೊಡ್ಡ ಔಷಧ ಕಂಪನಿಗಳು ಅದರ ಹಿಂದೆ ಬಿದ್ದಿವೆ, ಮುಂದೆ ಕೆಲಸಕ್ಕೆ ತೊಂದರೆ ಇಲ್ಲ.

ಕೊಬ್ಬಿನಹನಿ
ಮುಗಿದ ಕಥೆ ಅಂದವರು ಯಾರು? ಲಿಪೋಸೋಮ್ ಒಳಗಿನ ಡಾಕ್ಸೊರುಬಿಸಿನ್‌ಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ, ಸರಿ, ಅದು ಹಳೇದು. ಆದರೆ ಆರ್‌ಎನ್‌ಎ ಹೊತ್ತ ಕೊಬ್ಬಿನ ಕಣಕ್ಕೆ ಮೊದಲ ಒಪ್ಪಿಗೆ ಬಂದಿದ್ದು 2018ರಲ್ಲಿ. ಸ್ತನ ಕ್ಯಾನ್ಸರ್‌ಗೆ ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್ ಬಂದಿದ್ದು 2019ರಲ್ಲಿ. ಆಂಟಿಬಾಡಿಗೆ ವಿಷ ಕಟ್ಟಿ ಕ್ಯಾನ್ಸರ್ ಕೋಶದ ಬಾಗಿಲಿಗೆ ಕಳಿಸುವುದು ಡೆಲಿವರಿ ಅಲ್ಲದೆ ಮತ್ತೇನು?

ಜೆಮ್‌ಟುಜುಮ್ಯಾಬ್ ಓಜೊಗಮೈಸಿನ್ ಕಥೆ ಓದಿ. ಈ ಜಾತಿಯ ಮೊದಲ ಔಷಧಿ, 2000ದಲ್ಲಿ ಬಂತು. 2010ರಲ್ಲಿ ಮಾರುಕಟ್ಟೆಯಿಂದ ವಾಪಸ್ ಹೋಯಿತು. 2017ರಲ್ಲಿ ಮತ್ತೆ ಬಂತು. ಅಣು ಅದೇ. ಬದಲಾಗಿದ್ದು ಡೋಸ್ ಮತ್ತು ಕೊಡುವ ಕ್ರಮ. ಎಷ್ಟು, ಯಾವಾಗ, ಎಲ್ಲಿಗೆ ಅನ್ನುವುದೇ ನಮ್ಮ ವಿಷಯ. ಅದು ಮುಗಿಯುವಂಥದ್ದಲ್ಲ.

ತುಂಗೆ
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಾನು ವಿಜ್ಞಾನ ಓದಿದವಳಲ್ಲ. ಪ್ರೊಟ್ಯಾಕ್ ಅಂದರೆ ಏನು ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ?

ಎರಡುಕೊಂಡಿ
ತುಂಗೆ ಅವರೇ, ಕ್ಷಮೆ ಯಾಕೆ, ಕೇಳಿದ್ದು ಒಳ್ಳೇದಾಯಿತು.

ನಮ್ಮ ಪ್ರತಿ ಕೋಶದಲ್ಲೂ ಪ್ರೋಟಿಯಾಸೋಮ್ ಅಂತ ಒಂದು ಅರೆಯುವ ಯಂತ್ರ ಇದೆ. ಕೆಟ್ಟುಹೋದ, ಬೇಡವಾದ ಪ್ರೋಟೀನ್‌ಗಳನ್ನು ಅದು ಚೂರು ಮಾಡುತ್ತದೆ. ಯಾವುದನ್ನು ಅರೆಯಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ಆ ಪ್ರೋಟೀನ್ ಮೇಲೆ ಯುಬಿಕ್ವಿಟಿನ್ ಅನ್ನುವ ಪುಟ್ಟ ಪ್ರೋಟೀನಿನ ಸರ ಅಂಟಿರುತ್ತದೆ. ಅದೇ ಗುರುತು. ಇದನ್ನು ಕಂಡುಹಿಡಿದ ಆರನ್ ಚೆಹಾನೋವರ್, ಅವ್ರಾಮ್ ಹೆರ್ಷ್ಕೊ, ಇರ್ವಿನ್ ರೋಸ್ ಮೂವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಗುರುತು ಅಂಟಿಸುವ ಕೆಲಸ ಇ3 ಲೈಗೇಸ್ ಅನ್ನುವ ಕಿಣ್ವಗಳದ್ದು. ಪ್ರೊಟ್ಯಾಕ್ ಅಂದರೆ ಎರಡು ತಲೆಯ ಅಣು. ಒಂದು ತಲೆ ಕ್ಯಾನ್ಸರ್ ಪ್ರೋಟೀನನ್ನು ಹಿಡಿಯುತ್ತದೆ, ಇನ್ನೊಂದು ಇ3 ಲೈಗೇಸನ್ನು. ಮಧ್ಯೆ ಒಂದು ಕೊಂಡಿ. ಇಬ್ಬರನ್ನೂ ಎದುರುಬದುರು ತಂದು ನಿಲ್ಲಿಸಿದರೆ ಸಾಕು, ಗುರುತು ಅಂಟುತ್ತದೆ, ಮುಂದಿನದನ್ನು ಕೋಶವೇ ನೋಡಿಕೊಳ್ಳುತ್ತದೆ. ಕ್ರೆಗ್ ಕ್ರೂಸ್ ಮತ್ತು ರೇಮಂಡ್ ಡೆಶೇಸ್ ತಂಡಗಳು ಈ ಉಪಾಯವನ್ನು 2001ರಲ್ಲಿ ಮೊದಲು ತೋರಿಸಿದವು.

ಮಾಮೂಲಿ ಔಷಧಿ ಪ್ರೋಟೀನಿನ ಗುಳಿಯಲ್ಲಿ ಕೂತಿರುವಷ್ಟು ಹೊತ್ತು ಮಾತ್ರ ಅದನ್ನು ತಡೆಯುತ್ತದೆ. ಇದು ಹಾಗಲ್ಲ. ಒಂದನ್ನು ಒಡೆಸಿ, ಬಿಡಿಸಿಕೊಂಡು, ಮುಂದಿನದಕ್ಕೆ ಹೋಗುತ್ತದೆ.

ಸೀದಾಮಾತು
ಮೊಟ್ಟಮೊದಲ ಪ್ರೊಟ್ಯಾಕ್ ಥಾಲಿಡೊಮೈಡ್ ಅಲ್ವಾ? ಅದು 50ರ ದಶಕದ್ದು.

ಎರಡುಕೊಂಡಿ
ಅಲ್ಲ. ಬಹಳ ಜನ ಇಲ್ಲಿ ಎಡವುತ್ತಾರೆ. ಥಾಲಿಡೊಮೈಡ್‌ಗೆ ಎರಡು ತಲೆ ಇಲ್ಲ. ಅದನ್ನು ಮಾಲಿಕ್ಯುಲಾರ್ ಗ್ಲೂ ಅಂತ ಕರೆಯುತ್ತೇವೆ, ಅಂಟಿನ ಥರ. ಸೆರೆಬ್ಲಾನ್ ಅನ್ನುವ ಇ3 ಭಾಗದ ಮೇಲೆ ಕೂತು ಅದರ ಮೈಯನ್ನು ಸ್ವಲ್ಪ ಬದಲಿಸುತ್ತದೆ. ಆಗ ಹೊಸ ಪ್ರೋಟೀನ್‌ಗಳು ಅಲ್ಲಿ ಬಂದು ಅಂಟುತ್ತವೆ.

ಅದು ಮಾರುಕಟ್ಟೆಗೆ ಬಂದಿದ್ದು 1957ರಲ್ಲಿ. ಗರ್ಭಿಣಿಯರು ತೆಗೆದುಕೊಂಡು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದ ಮೇಲೆ 1961ರಲ್ಲಿ ವಾಪಸ್ ತೆಗೆದರು. ಅದು ಸೆರೆಬ್ಲಾನ್‌ಗೆ ಅಂಟುತ್ತದೆ ಅಂತ ಗೊತ್ತಾಗಿದ್ದು 2010ರಲ್ಲಿ. ಸುಮಾರು ಅರ್ಧ ಶತಮಾನ ಯಾರಿಗೂ ಕಾರಣ ತಿಳಿದಿರಲಿಲ್ಲ. ಅದರ ತಮ್ಮನಂತಿರುವ ಲೆನಾಲಿಡೊಮೈಡ್ ಮೈಲೋಮಾ ಎಂಬ ರಕ್ತ ಕ್ಯಾನ್ಸರಿನ ಕೋಶಗಳಲ್ಲಿ ಇಕಾರೋಸ್, ಐಯೋಲೋಸ್ ಎಂಬ ಎರಡು ಪ್ರೋಟೀನ್‌ಗಳನ್ನು ಒಡೆಸುತ್ತದೆ ಅಂತ ತೋರಿಸಿದ್ದು ಇನ್ನೂ ಆಮೇಲೆ, 2014ರಲ್ಲಿ.

ತುಂಗೆ
ನಮ್ಮ ತಂದೆಗೆ ಮೈಲೋಮಾ. ಲೆನಾಲಿಡೊಮೈಡ್ ತೆಗೆದುಕೊಳ್ಳುತ್ತಿದ್ದಾರೆ. ಇಷ್ಟು ದಿನ ಆ ಮಾತ್ರೆ ಕೈಗೆ ಕೊಡುತ್ತಿದ್ದೇನೆ, ಒಳಗೆ ಹೋಗಿ ಏನು ಮಾಡುತ್ತದೆ ಅಂತ ಇವತ್ತು ಗೊತ್ತಾಯಿತು. ಇನ್ನೊಂದು ಬೋರ್ಟೆಜೋಮಿಬ್ ಚುಚ್ಚುಮದ್ದೂ ಕೊಡುತ್ತಾರೆ. ಅದೂ ಇದೇನಾ?

ನಿಧಾನಿ
ತುಂಗೆ ಅವರೇ, ಬೋರ್ಟೆಜೋಮಿಬ್ ಕೆಲಸ ಬೇರೆ. ಅದು ಆ ಅರೆಯುವ ಯಂತ್ರವನ್ನೇ ತಡೆಯುತ್ತದೆ. ಮೈಲೋಮಾ ಕೋಶಗಳು ರಾಶಿ ರಾಶಿ ಪ್ರೋಟೀನ್ ಮಾಡುತ್ತವೆ. ಕಸ ಹೊರಹೋಗದಿದ್ದರೆ ಉಸಿರುಕಟ್ಟಿ ಸಾಯುತ್ತವೆ. 2003ರಲ್ಲಿ ಒಪ್ಪಿಗೆ ಸಿಕ್ಕಿತು. ನಿಮ್ಮ ತಂದೆಯವರು ಬೇಗ ಚೇತರಿಸಿಕೊಳ್ಳಲಿ.

ಮಳೆಬಿಲ್ಲು
ಒಂದು ನಿಮಿಷ. ಒಂದು ಔಷಧಿಗೆ ಯಂತ್ರ ಬೇಕು, ಇನ್ನೊಂದು ಅದೇ ಯಂತ್ರವನ್ನು ನಿಲ್ಲಿಸುತ್ತದೆ. ಎರಡನ್ನೂ ಒಟ್ಟಿಗೆ ಹೇಗೆ ಕೊಡುತ್ತಾರೆ?

ನಿಧಾನಿ
ಈ ಪ್ರಶ್ನೆ ಕೇಳಿದಿರಲ್ಲ, ನೀವು ಪಿಎಚ್‌ಡಿ ಮಾಡಲೇಬೇಕು. ಲ್ಯಾಬ್‌ನಲ್ಲಿ ಕೋಶಗಳಿಗೆ ಪ್ರೋಟಿಯಾಸೋಮ್ ತಡೆಯುವ ಔಷಧಿ ಮೊದಲೇ ಹಾಕಿದರೆ ಲೆನಾಲಿಡೊಮೈಡ್‌ನಿಂದ ಇಕಾರೋಸ್ ಒಡೆಯುವುದು ನಿಲ್ಲುತ್ತದೆ, ನಿಜ. ಆದರೆ ರೋಗಿಯ ಮೈಯಲ್ಲಿ ಬೋರ್ಟೆಜೋಮಿಬ್ ಯಂತ್ರವನ್ನು ಪೂರ್ತಿ ನಿಲ್ಲಿಸುವುದಿಲ್ಲ, ಸದಾಕಾಲವೂ ಅಲ್ಲ. ಡೋಸ್‌ಗಳ ನಡುವೆ ಯಂತ್ರ ಮತ್ತೆ ತಿರುಗುತ್ತದೆ. ಎರಡನ್ನೂ ಸೇರಿಸಿ ಕೊಡುವ ಚಿಕಿತ್ಸೆ ರೋಗಿಗಳಿಗೆ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ತಟ್ಟೆಯಲ್ಲಿನ ಕೋಶಕ್ಕೂ ಮನುಷ್ಯನ ದೇಹಕ್ಕೂ ಇಷ್ಟು ವ್ಯತ್ಯಾಸ.

ಸೀದಾಮಾತು
ಥಾಲಿಡೊಮೈಡ್ ವಿಷಯ ತಿದ್ದಿದ್ದಕ್ಕೆ ಧನ್ಯವಾದ. ಆದರೂ ನನ್ನ ಮಾತಿಗೆ ನಾನು ಗಟ್ಟಿ. ಡೆಲಿವರಿ ಜನ ಒಂದು ಅಂಕಿಗೆ ಉತ್ತರ ಕೊಡಲಿ. ರಕ್ತಕ್ಕೆ ಕೊಟ್ಟ ನ್ಯಾನೋಕಣದಲ್ಲಿ ಗಡ್ಡೆಗೆ ತಲುಪುವುದು 0.7 ಶೇಕಡಾ. ನೂರರಲ್ಲಿ ಒಂದೂ ಇಲ್ಲ. ಇದಕ್ಕೆ ಐದು ವರ್ಷ ಕೊಡಬೇಕಾ?

ಕೊಬ್ಬಿನಹನಿ
ಆ ಅಂಕಿ ಸರಿ. ಅದನ್ನು ಓದಿದ ರೀತಿ ಸರಿ ಇಲ್ಲ.

ಹತ್ತು ವರ್ಷಗಳ ಪ್ರಬಂಧಗಳನ್ನು ಗುಡ್ಡೆ ಹಾಕಿ ಲೆಕ್ಕ ಮಾಡಿ 2016ರಲ್ಲಿ ಪ್ರಕಟಿಸಿದ ಮಧ್ಯಾಂಕ ಅದು. ಎಲ್ಲ ಪ್ರಾಣಿಗಳ ಮೇಲಿನ ಪ್ರಯೋಗ. ಕಣ ಬೇರೆ, ಗಡ್ಡೆ ಬೇರೆ, ಅಳೆದ ರೀತಿ ಬೇರೆ. ಇಲಿಯ ಮೈಯಲ್ಲಿ ಗಡ್ಡೆ ಎಷ್ಟು ದೊಡ್ಡದಿತ್ತು ಅನ್ನುವುದರ ಮೇಲೂ ಆ ಶೇಕಡಾ ಏರಿಳಿಯುತ್ತದೆ. ಇನ್ನೊಂದು: ಲಿಪೋಸೋಮ್ ಡಾಕ್ಸೊರುಬಿಸಿನ್‌ನಿಂದ ರೋಗಿಗೆ ಆದ ದೊಡ್ಡ ಉಪಕಾರ ಹೃದಯಕ್ಕೆ ಹಾನಿ ಕಡಿಮೆಯಾಗಿದ್ದು. ಗಡ್ಡೆಗೆ ಎಷ್ಟು ಹೋಯಿತು ಅನ್ನುವಷ್ಟೇ ಮುಖ್ಯ, ಹೃದಯಕ್ಕೆ ಎಷ್ಟು ಹೋಗಲಿಲ್ಲ ಅನ್ನುವುದು. ಬದಲಿಗೆ ಅಂಗೈ, ಅಂಗಾಲು ಕೆಂಪಾಗಿ ಸುಲಿಯುವ ತೊಂದರೆ ಜಾಸ್ತಿಯಾಯಿತು, ಅದನ್ನೂ ಹೇಳಬೇಕು.

ಗಡ್ಡೆಯ ರಕ್ತನಾಳಗಳು ಸೋರುತ್ತವೆ, ಕಣಗಳು ಅಲ್ಲೇ ತಂಗುತ್ತವೆ ಅಂತ 1986ರಲ್ಲಿ ಮತ್ಸುಮುರ ಮತ್ತು ಮಯೇಡ ಹೇಳಿದ್ದನ್ನು ನಮ್ಮವರು ಮಂತ್ರದ ಥರ ಜಪಿಸಿಬಿಟ್ಟರು. ಇಲಿಯಲ್ಲಿ ಚೆನ್ನಾಗಿ ಕಾಣುತ್ತದೆ. ಮನುಷ್ಯರಲ್ಲಿ ಒಬ್ಬರಿಂದ ಒಬ್ಬರಿಗೆ ಬಹಳ ವ್ಯತ್ಯಾಸ. ಇವತ್ತಿನ ವಿದ್ಯಾರ್ಥಿಗೆ ಕೆಲಸ ಇರುವುದೇ ಅಲ್ಲಿ. ಬರೀ ಇನ್ನೊಂದು ಕಣ ಮಾಡಿ ಹೆಸರಿಡುವ ಲ್ಯಾಬ್ ಆದರೆ ಬೇಡ. ಕಣ ಯಾಕೆ ಯಕೃತ್ತಿಗೆ ಹೋಗುತ್ತದೆ, ಕೋಶದೊಳಗೆ ಹೋದ ಮೇಲೆ ಯಾಕೆ ಅದನ್ನು ಒಳಕ್ಕೆಳೆದ ಚೀಲದಲ್ಲೇ, ಅಂದರೆ ಎಂಡೋಸೋಮ್‌ನಲ್ಲೇ ಸಿಕ್ಕಿಬೀಳುತ್ತದೆ ಅಂತ ಕೇಳುವ ಲ್ಯಾಬ್ ಆದರೆ ಕಣ್ಣುಮುಚ್ಚಿ ಸೇರಿ.

ಹಳೇಪಿಪೆಟ್
ಮಳೆಬಿಲ್ಲು ಅವರೇ, ಇವರಿಬ್ಬರ ಜಗಳದಲ್ಲಿ ಒಂದು ಮಾತು ಮರೆತುಹೋಗುತ್ತಿದೆ. ಎರಡೂ ವಿಷಯ ಒಂದಕ್ಕೊಂದು ಹತ್ತಿರ ಬರುತ್ತಿವೆ.

ಬಾಯಲ್ಲಿ ತೆಗೆದುಕೊಳ್ಳುವ ಔಷಧಿಯ ಅಣುತೂಕ 500ರ ಒಳಗಿದ್ದರೆ ಒಳ್ಳೇದು ಅಂತ ನಾವೆಲ್ಲ ಓದಿದ್ದೇವೆ. ಪ್ರೊಟ್ಯಾಕ್‌ಗಳು 700, 800, ಒಮ್ಮೊಮ್ಮೆ 1000 ದಾಟುತ್ತವೆ. ಎರಡು ತಲೆ, ಒಂದು ಕೊಂಡಿ ಅಂದರೆ ಅಷ್ಟು ಆಗಲೇಬೇಕು. ನೀರಲ್ಲಿ ಸುಲಭವಾಗಿ ಕರಗುವುದಿಲ್ಲ, ಕೋಶದ ಪೊರೆ ದಾಟಲು ಕಷ್ಟಪಡುತ್ತವೆ. ಹಾಗಾಗಿ ಅವುಗಳನ್ನು ಆಂಟಿಬಾಡಿಗೆ ಕಟ್ಟುವವರಿದ್ದಾರೆ, ಕೊಬ್ಬಿನ ಕಣದಲ್ಲಿ ತುಂಬಿಸುವವರಿದ್ದಾರೆ. ಲಿಪೋಸೋಮ್ ಕೈಯಾರೆ ಮಾಡಿದವರಿಗೆ ಅಲ್ಲಿ ಜಾಗ ಇದೆ.

ಎರಡುಕೊಂಡಿ
ಹಳೇಪಿಪೆಟ್ ಸರ್, ಪೂರ್ತಿ ಒಪ್ಪಲಾರೆ. ಮನುಷ್ಯರಿಗೆ ಕೊಟ್ಟ ಮೊದಲ ಪ್ರೊಟ್ಯಾಕ್, ಎಆರ್‌ವಿ-110, 2019ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ಪ್ರಯೋಗಕ್ಕೆ ಹೋಯಿತು. ಅದು ಬಾಯಲ್ಲಿ ನುಂಗುವ ಔಷಧಿ. ಕೊಂಡಿಯನ್ನು ಬಿಗಿಯಾಗಿ, ಚಿಕ್ಕದಾಗಿ ಕಟ್ಟಿದರೆ ದೊಡ್ಡ ಅಣುವೂ ಒಳಗೆ ಹೋಗುತ್ತದೆ. ಹೊರಗಿನ ಗಾಡಿ ಬೇಕೇಬೇಕು ಅಂತಿಲ್ಲ. ಕೆಟ್ಟ ಅಣುವನ್ನು ಕಣದಲ್ಲಿ ತುಂಬಿಸಿ ಬಚಾವ್ ಮಾಡುವ ಕೆಲಸಕ್ಕೆ ಪಿಎಚ್‌ಡಿ ಕೊಡಬಾರದು.

ಹಳೇಪಿಪೆಟ್
ಒಪ್ಪಿದೆ, ಎಲ್ಲಕ್ಕೂ ಹೊರಗಿನ ಗಾಡಿ ಬೇಡ. ಆದರೆ ಆರೋಗ್ಯವಂತ ಅಂಗಾಂಶದಲ್ಲೂ ಬೇಕಾಗಿರುವ ಪ್ರೋಟೀನನ್ನು ಒಡೆಸುವಾಗ? ಬಿಆರ್‌ಡಿ4 ಅನ್ನುವ ಪ್ರೋಟೀನ್ ತೆಗೆದುಕೊಳ್ಳಿ. 2015ರಿಂದ ಅದಕ್ಕೆ ಒಳ್ಳೊಳ್ಳೆ ಡಿಗ್ರೇಡರ್‌ಗಳಿವೆ. ಮೈಯೆಲ್ಲ ಹರಡಿದರೆ ತೊಂದರೆ. ಕ್ಯಾನ್ಸರ್ ಕೋಶಕ್ಕೆ ಮಾತ್ರ ಮುಟ್ಟಿಸಬೇಕು ಅಂದಾಗ ಡೆಲಿವರಿ ಬೇಕೇ ಬೇಕು.

ಎರಡುಕೊಂಡಿ
ಆ ಮಾತು ಸರಿ. ಇನ್ನೊಂದು ದಾರಿಯೂ ಇದೆ. ಮನುಷ್ಯನ ಕೋಶಗಳಲ್ಲಿ 600ಕ್ಕೂ ಜಾಸ್ತಿ ಇ3 ಲೈಗೇಸ್‌ಗಳಿವೆ. ನಾವು ಬಳಸುತ್ತಿರುವುದು ಹೆಚ್ಚಾಗಿ ಎರಡೇ, ಸೆರೆಬ್ಲಾನ್ ಮತ್ತು ವಿಎಚ್‌ಎಲ್. ಗಡ್ಡೆಯಲ್ಲಿ ಮಾತ್ರ ಜಾಸ್ತಿ ಇರುವ ಲೈಗೇಸ್ ಸಿಕ್ಕಿ, ಅದಕ್ಕೊಂದು ಹಿಡಿ ಸಿಕ್ಕಿದರೆ ಅಣುವೇ ತನ್ನ ಜಾಗ ಹುಡುಕಿಕೊಳ್ಳುತ್ತದೆ. ಇದು ನಿಜವಾಗಿ ಬಯಾಲಜಿ ಪ್ರಶ್ನೆ. ಸಿಂಥೆಸಿಸ್ ಬಾರದಿದ್ದರೂ ಮಾಡಬಹುದು.

ಮಳೆಬಿಲ್ಲು
ಅಂದರೆ ಡಿಗ್ರೇಡರ್ ಲ್ಯಾಬ್‌ನಲ್ಲಿ ಎಲ್ಲರೂ ಕೆಮಿಸ್ಟ್ ಆಗಿರಬೇಕಿಲ್ಲವಾ?

ರಾತ್ರಿಪಾಳಿ
ಬೇಕಿಲ್ಲ. ನಾನೇ ಸಾಕ್ಷಿ, ನಾನು ಸೆಲ್ ಬಯಾಲಜಿಯಿಂದ ಬಂದವಳು. ಆದರೆ ನನ್ನ ಮೊದಲ ವರ್ಷದ ಕಥೆ ಹೇಳುತ್ತೇನೆ, ಸಂದರ್ಶನದಲ್ಲಿ ಏನು ಕೇಳಬೇಕು ಅನ್ನುವುದಕ್ಕೆ ಉತ್ತರ ಅದರಲ್ಲೇ ಇದೆ.

ನಾನು ಸೇರಿದ ಲ್ಯಾಬ್‌ನಲ್ಲಿ ಅಣು ಮಾಡುವವರು ಇರಲಿಲ್ಲ. ಬೇರೊಂದು ಗುಂಪು ಮಾಡಿ ಕಳಿಸಬೇಕಿತ್ತು. ಹದಿನಾಲ್ಕು ತಿಂಗಳು ಕಾದೆ. ಕೊನೆಗೆ ಎರಡು ಮಿಲಿಗ್ರಾಂ ಬಂತು. ಕೋಶಗಳಿಗೆ ಹಾಕಿ ಮರುದಿನ ವೆಸ್ಟರ್ನ್ ಬ್ಲಾಟ್ ಮಾಡಿದೆ, ಪ್ರೋಟೀನ್ ಎಷ್ಟಿದೆ ಅಂತ ಪಟ್ಟಿಯಾಗಿ ತೋರಿಸುವ ಪರೀಕ್ಷೆ ಅದು. ಡೋಸ್ ಏರಿದ ಹಾಗೆ ನನ್ನ ಪ್ರೋಟೀನಿನ ಪಟ್ಟಿ ತೆಳುವಾಗುತ್ತಾ ಹೋಗಿತ್ತು. ರಾತ್ರಿ ಹನ್ನೊಂದಕ್ಕೆ ಗೈಡ್‌ಗೆ ಫೋಟೋ ಕಳಿಸಿದೆ. ಎಲ್ಲರಿಗೂ ಖುಷಿ. ಆರು ವಾರ ಆದ ಮೇಲೆ ಗೊತ್ತಾಯಿತು, ಕೋಶಗಳು ಸಾಯುತ್ತಿದ್ದವು, ಅಷ್ಟೇ. ಅಲ್ಪಾಯುಷಿ ಪ್ರೋಟೀನ್ ಆಗಿದ್ದರೆ ಕೋಶ ಹೊಸದನ್ನು ಮಾಡುವುದು ನಿಲ್ಲಿಸಿದ ಕೂಡಲೇ ಪಟ್ಟಿ ಮಾಯವಾಗುತ್ತದೆ. ಅದಕ್ಕೂ ಡಿಗ್ರೇಡರ್‌ಗೂ ಸಂಬಂಧವೇ ಇಲ್ಲ.

ಆಮೇಲೆ ಕಲಿತಿದ್ದು: ನಾಲ್ಕು, ಆರು ಗಂಟೆಗೇ ನೋಡಬೇಕು, ಮರುದಿನದ ತನಕ ಕಾಯಬಾರದು. ಪ್ರೋಟಿಯಾಸೋಮ್ ತಡೆಯುವ ಎಂಜಿ132 ಮೊದಲೇ ಹಾಕಿದರೆ ಪಟ್ಟಿ ವಾಪಸ್ ಬರಬೇಕು. ವಿಎಚ್‌ಎಲ್ ಬಳಸುವ ಅಣು ಆದರೆ, ಒಂದೇ ಒಂದು ಇಂಗಾಲದ ತಿರುವು ಬದಲಿಸಿದ ಜೋಡಿ ಅಣು ಮಾಡಿಸಬೇಕು. ಅದು ಟಾರ್ಗೆಟನ್ನು, ಅಂದರೆ ಒಡೆಸಬೇಕಾದ ಪ್ರೋಟೀನನ್ನು, ಹಿಡಿಯುತ್ತದೆ, ವಿಎಚ್‌ಎಲ್ ಹಿಡಿಯುವುದಿಲ್ಲ. ಅದಕ್ಕೂ ಪಟ್ಟಿ ಮಾಯವಾದರೆ ನಿಮ್ಮ ಕಥೆ ಸುಳ್ಳು. ನನ್ನ ಬಳಿ ಆ ಜೋಡಿ ಅಣು ಇರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಸಂದರ್ಶನದಲ್ಲಿ ಇದನ್ನು ಕೇಳಿ: ಅಣು ಯಾರು ಮಾಡುತ್ತಾರೆ? ಇದೇ ಕಟ್ಟಡದಲ್ಲಾ, ಬೇರೆ ದೇಶದಲ್ಲಾ? ಕೆಲಸ ಮಾಡದ ಜೋಡಿ ಅಣುವನ್ನೂ ಮಾಡುತ್ತಾರಾ? ಉತ್ತರ ಕೊಡಲು ತಡವರಿಸಿದರೆ ಅರ್ಥ ಮಾಡಿಕೊಳ್ಳಿ.

ನಿಧಾನಿ
ರಾತ್ರಿಪಾಳಿ ಅಕ್ಕ, ಹದಿನಾಲ್ಕು ತಿಂಗಳು ಓದಿ ಬೇಜಾರಾಯಿತು. ನಮ್ಮಲ್ಲಿ ಒಬ್ಬ ಹೊಸ ಹುಡುಗನಿಗೆ ಇದರ ಉಲ್ಟಾ ಆಗಿತ್ತು. ಡೋಸ್ ಏರಿಸಿದ, ಪಟ್ಟಿ ಹೋಯಿತು. ಇನ್ನೂ ಏರಿಸಿದ, ಪಟ್ಟಿ ಮತ್ತೆ ಬಂತು! ಪ್ರಯೋಗ ಕೆಟ್ಟಿತು ಅಂತ ಮೂರು ಸಲ ಬಿಸಾಡಿದ್ದ. ಅದು ಹುಕ್ ಎಫೆಕ್ಟ್. ಅಣು ಅತಿಯಾದರೆ ಒಂದು ಗುಂಪು ಟಾರ್ಗೆಟ್‌ಗೆ, ಇನ್ನೊಂದು ಗುಂಪು ಲೈಗೇಸ್‌ಗೆ ಬೇರೆ ಬೇರೆಯಾಗಿ ಅಂಟುತ್ತದೆ. ಇಬ್ಬರನ್ನೂ ಒಟ್ಟಿಗೆ ಹಿಡಿಯುವ ಅಣುವೇ ಇರುವುದಿಲ್ಲ. ಅವನ ಮೂರೂ ಬ್ಲಾಟ್ ಸರಿಯಾಗಿಯೇ ಇದ್ದವು.

ಅಕ್ಷರಪ್ರೇಮಿ
ವಿಷಯ ಬಿಟ್ಟು ಒಂದು ಮಾತು. ಪ್ರೋಟೀನ್ ಡಿಗ್ರೇಡೇಶನ್‌ಗೆ ಕೆಲವರು "ಪ್ರೋಟೀನ್ ಅವನತಿ" ಅಂತ ಬರೆಯುತ್ತಿದ್ದಾರೆ. ಸಾಮ್ರಾಜ್ಯ ಅವನತಿ ಹೊಂದುತ್ತದೆ, ಪ್ರೋಟೀನ್ ಅಲ್ಲ. ದಯವಿಟ್ಟು ಯಾರೂ ಹಾಗೆ ಬರೆಯಬೇಡಿ.

ಎರಡುಕೊಂಡಿ
ಪಠ್ಯಪುಸ್ತಕದ ಪದ ಬೇಕಿದ್ದರೆ "ವಿಘಟನೆ" ಸರಿ. ನಾನು ಅಮ್ಮನಿಗೆ ಹೇಳುವಾಗ "ಬೇಡದ ಪ್ರೋಟೀನ್‌ಗೆ ಚೀಟಿ ಅಂಟಿಸುತ್ತೇವೆ, ಕೋಶವೇ ಅದನ್ನು ಅರೆದುಹಾಕುತ್ತದೆ" ಅಂದೆ. ಅಮ್ಮ ಕೇಳಿದರು, "ಒಳ್ಳೇದಕ್ಕೆ ತಪ್ಪಿ ಅಂಟಿಸಿದರೆ?" ನನ್ನ ಥೀಸಿಸ್‌ನ ಮೂರನೇ ಅಧ್ಯಾಯ ಪೂರ್ತಿ ಅದೇ ಪ್ರಶ್ನೆ.

ಅಕ್ಷರಪ್ರೇಮಿ
"ಒಡೆಸುವುದು" ಇನ್ನೂ ಚೆನ್ನಾಗಿದೆ. ಬೇರೆಯವರ ಕೈಯಲ್ಲಿ ಮಾಡಿಸುವುದು ಅನ್ನುವ ಅರ್ಥ ಆ ಕ್ರಿಯಾಪದದಲ್ಲೇ ಬಂತು.

ದೂರದೂರು
ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ. ಮಳೆಬಿಲ್ಲು ಅವರೇ, ಯುರೋಪ್ ಕಡೆ ನೋಡುತ್ತಿದ್ದರೆ ಮಾರಿ ಸ್ಕ್ಲೊಡೋವ್‌ಸ್ಕ ಕ್ಯೂರಿ ಡಾಕ್ಟೊರಲ್ ನೆಟ್‌ವರ್ಕ್‌ಗಳನ್ನು ಬಿಡಬೇಡಿ. ಡೆಲಿವರಿಯಲ್ಲೂ ಡಿಗ್ರೇಡರ್‌ನಲ್ಲೂ ಅಂಥವು ಬರುತ್ತಿರುತ್ತವೆ. ನಿಮ್ಮನ್ನು ಉದ್ಯೋಗಿಯಾಗಿ ತೆಗೆದುಕೊಳ್ಳುತ್ತಾರೆ, ಸಂಬಳ ಇರುತ್ತದೆ. ಕೆಲವು ತಿಂಗಳು ಬೇರೆ ಲ್ಯಾಬ್‌ಗೋ ಕಂಪನಿಗೋ ಕಳಿಸುತ್ತಾರೆ. ಎರಡು ವಿಷಯದ ಮಧ್ಯೆ ನಿಂತವರಿಗೆ ಇದು ಬಹಳ ಅನುಕೂಲ. ಜಾಗಗಳು ಯೂರಾಕ್ಸೆಸ್ ತಾಣದಲ್ಲಿ ಬರುತ್ತವೆ.

ನಿಯಮ ಒಂದಿದೆ, ನೆನಪಿಡಿ. ಯಾವ ದೇಶಕ್ಕೆ ಹಾಕುತ್ತೀರೋ ಆ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ನನ್ನ ಗೆಳತಿ ಅದೇ ದೇಶದಲ್ಲಿ ಮಾಸ್ಟರ್ಸ್ ಮಾಡಿದ್ದಳು, ಒಳ್ಳೇ ಜಾಗ ಕೈತಪ್ಪಿತು. ಇನ್ನೊಂದು, ಹಣ ಸಾಮಾನ್ಯವಾಗಿ 36 ತಿಂಗಳಿಗೆ. ಪಿಎಚ್‌ಡಿ ನಾಲ್ಕನೇ ವರ್ಷಕ್ಕೆ ಹೋದರೆ ಸಂಬಳ ಯಾರು ಕೊಡುತ್ತಾರೆ ಅಂತ ಮೊದಲೇ ಕೇಳಿ. ಕೇಳಲು ಸಂಕೋಚ ಬೇಡ.

ಸೀದಾಮಾತು
ಅಮೆರಿಕ ಆದರೆ?

ದೂರದೂರು
ಐದಾರು ವರ್ಷ. ಆದರೆ ಬಹಳ ಕಡೆ ಮೊದಲ ವರ್ಷ ಎರಡು ಮೂರು ಲ್ಯಾಬ್ ಸುತ್ತಿ ನೋಡಿ ಆಮೇಲೆ ಗೈಡ್ ಆರಿಸಿಕೊಳ್ಳಬಹುದು. ಯಾವುದು ಅಂತ ಗೊತ್ತಿಲ್ಲದವರಿಗೆ ಆ ಒಂದು ವರ್ಷ ದೊಡ್ಡ ವರ.

ಎರಡುಕೊಂಡಿ
ಎಲ್ಲಿ ಹುಡುಕಬೇಕು ಅನ್ನುವವರಿಗೆ: ಡಿಗ್ರೇಡರ್ ಕೆಲಸಕ್ಕೆ ಸ್ಕಾಟ್ಲೆಂಡಿನ ಡಂಡೀಯಲ್ಲಿ ಇದಕ್ಕೇ ಮೀಸಲಾದ ಕೇಂದ್ರ ಇದೆ, ಅಲೆಸ್ಸಿಯೋ ಚುಲ್ಲಿ ಅವರದ್ದು. ಯೇಲ್‌ನಲ್ಲಿ ಕ್ರೂಸ್ ಇದ್ದಾರೆ. ವಿಯೆನ್ನಾದ ಸೆಮ್ (CeMM) ಸಂಶೋಧನಾ ಕೇಂದ್ರ, ಬಾಸ್ಟನ್‌ನ ಡೇನಾ-ಫಾರ್ಬರ್, ಫ್ರಾಂಕ್‌ಫರ್ಟ್‌ನ ಗೊಯೆಥೆ ವಿಶ್ವವಿದ್ಯಾಲಯ ನೋಡಿ.

ಕೊಬ್ಬಿನಹನಿ
ಡೆಲಿವರಿಗೆ ಎಂಐಟಿಯ ಕೋಕ್ ಇನ್‌ಸ್ಟಿಟ್ಯೂಟ್, ಮೆಲ್ಬರ್ನ್‌ನ ಮೊನಾಷ್ ಫಾರ್ಮಸಿ ಸಂಸ್ಥೆ. ಆದರೆ ಹೆಸರಿಗಿಂತ ನೀವು ಕೂರುವ ಬೆಂಚು ಮುಖ್ಯ. ನಿಮ್ಮ ಡಾಕ್ಸೊರುಬಿಸಿನ್ ಕೆಲಸದ ಬಗ್ಗೆ ಅವರು ಏನು ಕೇಳಿದರು?

ಮಳೆಬಿಲ್ಲು
ಡೆಲಿವರಿ ಲ್ಯಾಬ್‌ನವರು ಕಾಲಂ ಬಗ್ಗೆ ಕೇಳಿದರು. ನಾನು ಅಮೋನಿಯಂ ಸಲ್ಫೇಟ್ ವಿಧಾನದಲ್ಲಿ ತುಂಬಿಸುತ್ತಿದ್ದೆ. ಆಮೇಲೆ ಜೆಲ್ ಕಾಲಂನಲ್ಲಿ ಹಾಯಿಸಿದರೆ ಎರಡು ಕೆಂಪು ಪಟ್ಟೆ ಬೇರೆಯಾಗುತ್ತವೆ. ಲಿಪೋಸೋಮ್ ಒಳಗಿರುವುದು ಮುಂದೆ ಓಡುತ್ತದೆ, ಹೊರಗೆ ಉಳಿದದ್ದು ಹಿಂದೆ ತೆವಳುತ್ತದೆ. ಒಂದು ದಿನ ಹಿಂದಿನ ಪಟ್ಟೆಯೇ ಗಾಢವಾಗಿತ್ತು. ಹೊರಗಿನ ಬಫರ್ ದ್ರಾವಣ ಸರಿಯಾಗಿ ಬದಲಿಸಿರಲಿಲ್ಲ, ಒಳಗೂ ಹೊರಗೂ ಒಂದೇ ಆಗಿತ್ತು. ಅದನ್ನು ಕಂಡುಹಿಡಿಯಲು ಹತ್ತು ದಿನ ಹಿಡಿಯಿತು. ಅದನ್ನೇ ಹೇಳಿದೆ. ಅರ್ಧ ಗಂಟೆ ಅದರ ಮೇಲೇ ಮಾತಾಡಿದರು.

ಕೊಬ್ಬಿನಹನಿ
ಒಳ್ಳೇ ಲಕ್ಷಣ. ಕೆಟ್ಟ ಬ್ಯಾಚ್ ಬಗ್ಗೆ ಅರ್ಧ ಗಂಟೆ ಕೊಡುವ ಗೈಡ್ ಸಿಗುವುದು ಕಷ್ಟ. ಒಂದು ಎಚ್ಚರಿಕೆ. ಡಾಕ್ಸೊರುಬಿಸಿನ್ ದುರ್ಬಲ ಪ್ರತ್ಯಾಮ್ಲ, ಹಾಗಾಗಿ ಒಳಗೆ ಹೋಗಿ ಗಟ್ಟಿಯಾಗಿ ಕೂರುತ್ತದೆ. ಜಿಡ್ಡಿನ ಪ್ರೊಟ್ಯಾಕ್ ಬಹಳಷ್ಟು ಸಲ ಪೊರೆಯಲ್ಲೇ ಸಿಕ್ಕಿಕೊಂಡಿರುತ್ತದೆ, ರಕ್ತಕ್ಕೆ ಹೋದ ಕೂಡಲೇ ಅಲ್ಲಿನ ಪ್ರೋಟೀನ್‌ಗಳಿಗೆ ಜಾರಿಬಿಡುತ್ತದೆ. ಹಳೇ ಉಪಾಯ ಹಾಗೇ ನಡೆಯುವುದಿಲ್ಲ.

ರಾತ್ರಿಪಾಳಿ
ಎರಡೂ ಲ್ಯಾಬ್‌ನ ವಿದ್ಯಾರ್ಥಿಗಳ ಜೊತೆ ಒಬ್ಬರೇ ಮಾತಾಡಿ, ಗೈಡ್ ಪಕ್ಕದಲ್ಲಿ ಇಲ್ಲದಾಗ. ಹಿಂದಿನ ಮೂರು ಜನ ಎಷ್ಟು ವರ್ಷಕ್ಕೆ ಮುಗಿಸಿದರು ಅಂತ ಕೇಳಿ. ಬಿಟ್ಟುಹೋದವರು ಇದ್ದಾರಾ ಅಂತಲೂ ಕೇಳಿ.

ಮಳೆಬಿಲ್ಲು
ಎರಡು ವಾರ ಆಯಿತು, ಸುದ್ದಿ ಹೇಳಲು ಬಂದೆ.

ಪ್ರೊಟ್ಯಾಕ್ ಲ್ಯಾಬ್‌ನಲ್ಲಿ ಅಣು ಯಾರು ಮಾಡುತ್ತಾರೆ ಅಂತ ಕೇಳಿದೆ. ಒಬ್ಬರೇ ಕೆಮಿಸ್ಟ್ ಇದ್ದಾರಂತೆ, ಅವರ ಅವಧಿ ಮುಂದಿನ ವರ್ಷ ಮುಗಿಯುತ್ತದಂತೆ. ವಿದ್ಯಾರ್ಥಿಗಳ ಜೊತೆ ಮಾತಾಡಬಹುದಾ ಅಂದರೆ "ಸೇರಿದ ಮೇಲೆ ಆಗಲಿ" ಅಂದರು. ಡೆಲಿವರಿ ಲ್ಯಾಬ್‌ನವರು ಇಬ್ಬರ ನಂಬರ್ ಅವರೇ ಕೊಟ್ಟರು. ಒಬ್ಬಳು ತನ್ನ ಕಣಗಳು ಫ್ರಿಜ್‌ನಲ್ಲಿ ಮೂರೇ ವಾರಕ್ಕೆ ಗಂಟುಕಟ್ಟಿದ್ದನ್ನು ವಿಡಿಯೋದಲ್ಲಿ ತೋರಿಸಿದಳು, ಏನೂ ಮುಚ್ಚಿಡಲಿಲ್ಲ.

ಡೆಲಿವರಿ ಲ್ಯಾಬ್‌ಗೆ ಒಪ್ಪಿಕೊಂಡೆ. ಇಲ್ಲಿ ಓದಿದ್ದನ್ನು ಅವರ ಮುಂದಿಟ್ಟೆ. ಬೇರೆ ವಿಭಾಗದ ಡಿಗ್ರೇಡರ್ ಗುಂಪಿನವರು ಎರಡನೇ ಗೈಡ್ ಆಗಲು ಒಪ್ಪಿದ್ದಾರೆ. ಮೊದಲ ಕೆಲಸ, ಈಗಾಗಲೇ ಗೊತ್ತಿರುವ ಬಿಆರ್‌ಡಿ4 ಡಿಗ್ರೇಡರ್ ಒಂದನ್ನು ಕಣದಲ್ಲಿ ತುಂಬಿಸಿ, ಎಷ್ಟು ಹೊತ್ತು ಸೋರದೆ ಉಳಿಯುತ್ತದೆ ಅಂತ ನೋಡುವುದು. ಜೋಡಿ ಅಣುವೂ ಸಿಗುತ್ತದೆ, ಕೇಳಿಕೊಂಡೆ.

ತುಂಗೆ
ಒಳ್ಳೇದಾಗಲಿ. ಅಪ್ಪನಿಗೂ ಓದಿ ಹೇಳಿದೆ. "ಆ ಹುಡುಗಿಗೆ ಆಲ್ ದಿ ಬೆಸ್ಟ್ ಹೇಳು" ಅಂದರು.

ಹಳೇಪಿಪೆಟ್
ಸೋರುವುದನ್ನು ಬರೀ ಬಫರ್‌ನಲ್ಲಿ ನೋಡಬೇಡಿ. ಸೀರಂ, ಅಂದರೆ ರಕ್ತದ ತಿಳಿ ಭಾಗ, ಹಾಕಿ, 37 ಡಿಗ್ರಿಯಲ್ಲಿ ಇಟ್ಟು ನೋಡಿ. ಬಫರ್‌ನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಮಳೆಬಿಲ್ಲು
ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದುಕೊಂಡೆ ಸರ್.